ಬೇರೆ ಪಾತ್ರೆಯ ಮಧು: ರೋಮಿನ ಮೋಹ ಮತ್ತು ಆಕರಗಳ ಸಾಚಾತನ

1

ರೋಮ್ ಹೊತ್ತಿ ಉರಿಯುತ್ತಿದ್ದಾಗ ನೀರೋ ದೊರೆ ಪಿಟೀಲು ಬಾರಿಸುತ್ತಿದ್ದ ಎಂಬ ಮಾತು ಕರ್ನಾಟಕದಲ್ಲಿ ಗಾದೆಯಷ್ಟೇ ಸಲೀಸಾಗಿ ಚಲಾವಣೆಯಲ್ಲಿದೆ. ಬರ ಬಂದರೂ ನೆರೆ ಬಂದರೂ ವಿರೋಧ ಪಕ್ಷದವರು ಮುಖ್ಯಮಂತ್ರಿಯ ಮೇಲೆ ಎಸೆಯುವ ಮೊದಲ ಕಲ್ಲು ಇದೇ. ರೋಮ್ ಎಲ್ಲಿದೆ ಅಂತ ಭೂಪಟದಲ್ಲಿ ಬೆರಳಿಟ್ಟು ತೋರಿಸಲಾರದವರೂ ನೀರೋನ ಪಿಟೀಲನ್ನು ಬಲ್ಲರು.

ಪಿಟೀಲು ಹುಟ್ಟಿದ್ದು 16ನೇ ಶತಮಾನದಲ್ಲಿ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ. ಈ ಬೆಂಕಿಯ ಕತೆ ಹೇಳುವ ಟ್ಯಾಸಿಟಸ್ ಆಗ ಹತ್ತು ವರ್ಷವೂ ತುಂಬದ ಹುಡುಗ. ಬೆಂಕಿ ಬಿದ್ದಾಗ ನೀರೋ ಊರಲ್ಲೇ ಇರಲಿಲ್ಲ, ಆಂಟಿಯಮ್‌ನಲ್ಲಿದ್ದ, ಅವನು ಹಾಡು ಹೇಳಿದ ಎಂಬುದು ಜನರಲ್ಲಿ ಹಬ್ಬಿದ ಸುದ್ದಿ ಎಂದು ಅವನೇ ಬರೆಯುತ್ತಾನೆ. ಹಾಡಿದ್ದು ನಿಜವೆಂದು ಖಂಡಿತವಾಗಿ ಹೇಳುವ ಸ್ಯೂಟೋನಿಯಸ್ ಆ ಹೊತ್ತಿಗೆ ಹುಟ್ಟಿರಲಿಲ್ಲ. ಡಿಯೋ ಬರೆದದ್ದು ಒಂದೂವರೆ ಶತಮಾನ ಕಳೆದ ಮೇಲೆ. ಘಟನೆಯಿಂದ ದೂರ ಹೋದಷ್ಟೂ ಬರೆಯುವವನ ದನಿಯಲ್ಲಿ ಗಟ್ಟಿತನ ಹೆಚ್ಚುತ್ತದೆ. ಇದು ರೋಮಿಗೆ ಮಾತ್ರ ಸೇರಿದ ಜಾಡ್ಯ ಅಲ್ಲ.

ಆದರೆ ನನ್ನ ತಕರಾರು ಪಿಟೀಲಿನ ಬಗ್ಗೆ ಇಲ್ಲ. ಊರಿನ 14 ವಿಭಾಗಗಳಲ್ಲಿ ಮೂರು ನೆಲಸಮವಾದವು, ಏಳು ಸುಟ್ಟು ಹಾಳಾದವು, ನಾಲ್ಕು ಮಾತ್ರ ಉಳಿದವು ಎಂದು ಅದೇ ಟ್ಯಾಸಿಟಸ್ ಹೇಳುತ್ತಾನೆ. ಎರಡು ಸಾವಿರ ವರ್ಷ ದೊರೆ ಹಾಡಿದನೋ ಇಲ್ಲವೋ ಎಂದು ವಾದ ಮಾಡಿದ್ದೇವೆ. ಸುಟ್ಟ ಮನೆ ಯಾರದು ಎಂಬ ಪ್ರಶ್ನೆ ಗಾದೆಯೊಳಗೆ ಬರಲೇ ಇಲ್ಲ. ಹಳೆಯ ಆಕರವೊಂದು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ವಿದ್ವತ್ತು ಎಷ್ಟೇ ಚುರುಕಾಗಿದ್ದರೂ, ಅದು ಕೇಳುವ ಪ್ರಶ್ನೆಗಳನ್ನು ಯಾರು ಗೊತ್ತುಮಾಡುತ್ತಾರೆ ಎಂಬುದು ಬೇರೆಯೇ ವಿಷಯ. ದಲಿತ ವಿಮರ್ಶೆಯ ಕೆಲಸ ಶುರುವಾಗುವುದು ಇಲ್ಲಿಂದ ಎಂದು ನಾನು ತಿಳಿದಿದ್ದೇನೆ.

ಬೆಂಗಳೂರಿನ ಪೂರ್ವದಿಕ್ಕಿನ ನಮ್ಮ ಹೊರಮಾವಿಗೆ ರೋಮಿನ ಮೋಹ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿನ ಹುಡುಗರು ರೋಮಿನ ಸಿನಿಮಾ ನೋಡಲು ದಂಡಿನ ಕಡೆ ಹೋಗುತ್ತಿದ್ದರು. ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್ ಇವತ್ತು ಇಲ್ಲ. ಆದರೆ ಮೋಹ ಮನೆಬಾಗಿಲಿಗೇ ಬಂದಿದೆ. ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ಕಲ್ಯಾಣಮಂಟಪಕ್ಕೆ ರೋಮನ್ ಕಂಬ, ಅಪಾರ್ಟ್‌ಮೆಂಟಿನ ಗೇಟಿಗೆ ಪ್ಲಾಸ್ಟರಿನ ಸಿಂಹ, ಜಿಮ್ಮಿನ ಗೋಡೆಗೆ ಗ್ಲಾಡಿಯೇಟರ್ ಚಿತ್ರ. ಗ್ಲಾಡಿಯೇಟರ್ ಎಂದರೆ ಬಹುಪಾಲು ಕೊಂಡು ತಂದ ದಾಸ, ಕೊಬ್ಬಿದವರ ಮೋಜಿಗಾಗಿ ಸಾಯಲು ಬಿಟ್ಟವನು ಎಂಬುದು ಆ ಗೋಡೆಯ ಕೆಳಗೆ ಭಾರ ಎತ್ತುವ ಹುಡುಗರಿಗೆ ಯಾರೂ ಹೇಳಿಲ್ಲ.

ನಮ್ಮ ಭಾಗದಲ್ಲಿ ರೋಮ್ ಕೇವಲ ಸಿನಿಮಾದ ಮಾತೂ ಅಲ್ಲ. 1891ರಲ್ಲಿ ಯಶವಂತಪುರದ ಬಳಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ಸಿಕ್ಕಿದವು. ಇದು ಹೊರಮಾವಿನಿಂದ ಹತ್ತು ಕಿಲೋಮೀಟರಿನ ಆಸುಪಾಸು. ಇವು ದಿನಾರಿ ಎಂಬ ನಾಣ್ಯಗಳು. ಅಗಸ್ಟಸನ ಕಾಲದ ರೋಮನ್ ಸಿಪಾಯಿಗೆ ವರ್ಷದ ಸಂಬಳ 225 ದಿನಾರಿ. ಅಂದರೆ ಎಚ್.ಎ.ಎಲ್.ನ ನೆಲದಲ್ಲಿ ಒಬ್ಬ ಸಿಪಾಯಿಯ ವರ್ಷದ ದುಡಿಮೆಗಿಂತ ಹೆಚ್ಚಿನ ದುಡ್ಡು ಹೂತಿತ್ತು. ಬೆಂಗಳೂರಿನ ಪುರಾತನತೆ ಬಗ್ಗೆ ಬರೆಯುವವರೆಲ್ಲ ಈ ಎರಡು ಶೋಧಗಳನ್ನು ತಪ್ಪದೆ ಹೇಳುತ್ತಾರೆ. ಐ.ಟಿ. ಬರುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ನಮ್ಮದು ಜಾಗತಿಕ ನಗರವಾಗಿತ್ತು ಎನ್ನುವಷ್ಟು ಹಿಗ್ಗು.

ಈ ಸಂಗತಿಯನ್ನು ನಮ್ಮ ದೊಡ್ಡವ್ವನಿಗೆ ಹೇಳಿದೆ. ಹೊರಮಾವಿನ ಸುತ್ತ ಲೇಔಟುಗಳು ಏಳುವಾಗ ಪಾಯ ತೋಡುವ ಕೂಲಿಗೆ ಹೋಗಿದ್ದವಳು ಆಕೆ. ಆಕೆ ಕೇಳಿದ್ದು ಎರಡೇ ಮಾತು: “ಅದ್ನ ಹೂತಿಟ್ಟೋರು ಯಾರಪ್ಪ? ಅಗ್ದು ತೆಗ್ದೋರು ಯಾರು?”

ನಾಣ್ಯಗಳ ಬಗ್ಗೆ ನಮಗೆ ಓದಲು ಸಿಗುವ ಬರಹಗಳಲ್ಲಿ ಎಣಿಕೆ ಇದೆ, ಲೋಹ ಇದೆ, ಚಕ್ರವರ್ತಿಗಳ ಹೆಸರಿದೆ. ಗುದ್ದಲಿ ಹಿಡಿದ ಕೈಯ ಹೆಸರಿಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾವ ಸರಕಿಗೆ ಈ ದುಡ್ಡು ಬಂತು, ಅದನ್ನು ಬೆಳೆದವರು, ಅಗೆದವರು, ಹೊತ್ತವರು ಯಾರು ಎಂಬುದೂ ನಾಣ್ಯದ ಮೇಲಿಲ್ಲ. ನಾಣ್ಯದ ಮೇಲೆ ಇರುವುದು ತಿಬೇರಿಯಸ್ ದೊರೆ ದೈವವಾದ ಅಗಸ್ಟಸನ ಮಗ ಎಂಬ ಬಿರುದು. ನಾಣ್ಯವನ್ನು ಅತ್ಯಂತ ನಂಬಿಕಸ್ತ ಆಕರ ಎನ್ನುತ್ತಾರೆ. ಕಾಲದ ವಿಷಯಕ್ಕೆ ಅದು ನಿಜ. ಉಳಿದ ವಿಷಯಕ್ಕೆ ನಾಣ್ಯವೂ ದೊರೆಯ ವಂದಿಮಾಗಧನೇ.

2

ಕನ್ನಡಕ್ಕೂ ರೋಮಿಗೂ ಇರುವ ಇನ್ನೊಂದು ನಂಟು ನಾಣ್ಯಕ್ಕಿಂತ ಸ್ವಾರಸ್ಯದ್ದು. ಈ ಲೇಖನದ ಮುಖ್ಯ ವಿಷಯ ಅದೇ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರ ಕೊನೆಯಿಂದ ಅಗೆತ ನಡೆಸಿದರು. ಅವರು ಅಗೆದದ್ದು ಅರಮನೆಯನ್ನೋ ಗುಡಿಯನ್ನೋ ಅಲ್ಲ, ಊರಾಚೆಯ ತಿಪ್ಪೆಗಳನ್ನು. ಶತಮಾನಗಳ ಕಾಲ ಊರಿನವರು ಎಸೆದ ಪಪೈರಸ್ ಹಾಳೆಗಳು ಒಣ ಮರಳಿನಲ್ಲಿ ಕೊಳೆಯದೆ ಉಳಿದಿದ್ದವು. ಕಂದಾಯದ ಲೆಕ್ಕ, ಬಾಡಿಗೆ ಕರಾರು, ಮಕ್ಕಳ ಓಲೆ, ಓಡಿಹೋದ ದಾಸರನ್ನು ಹಿಡಿದು ತರಲು ಬರೆದ ಪತ್ರ, ಇವೆಲ್ಲ ಗೋಣಿಗಟ್ಟಲೆ ಸಿಕ್ಕಿದವು. ಜಗತ್ತಿನ ಚರಿತ್ರೆಯ ಬಹುದೊಡ್ಡ ಆಕರರಾಶಿಗಳಲ್ಲೊಂದು ತಿಪ್ಪೆಯಿಂದ ಬಂತು ಎಂಬುದನ್ನು, ತಿಪ್ಪೆ ಬಾಚುವ ಕೆಲಸವನ್ನು ಹುಟ್ಟಿನ ಕಾರಣಕ್ಕೆ ಹೊತ್ತುಕೊಂಡ ಜನ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆ ರಾಶಿಯಲ್ಲಿ 1903ರಲ್ಲಿ ಅಚ್ಚಾದ 413ನೇ ಸಂಖ್ಯೆಯ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಕ್ರಿ.ಶ. ಎರಡನೆಯ ಶತಮಾನದ ಬರವಣಿಗೆ. ಕತೆ ಇಷ್ಟು: ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಹಿಂದೂ ಮಹಾಸಾಗರದ ದಡದಲ್ಲಿ ಭಾರತದ ದೊರೆಯೊಬ್ಬನ ಕೈಗೆ ಸಿಕ್ಕು ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಲಿ ಕೊಡಲು ದೊರೆ ಸಿದ್ಧನಾಗಿದ್ದಾನೆ. ಅವಳ ಅಣ್ಣ, ಜೊತೆಗೊಬ್ಬ ಕೋಡಂಗಿ ಬರುತ್ತಾರೆ. ದೊರೆಗೂ ಅವನ ಜನಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿಸಿ, ಕಟ್ಟಿಹಾಕಿ ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ನಡುವೆ ಬೇಟೆಯಿಂದ ಬರುವ ಭಾರತದ ಹೆಂಗಸರನ್ನು ಕೋಡಂಗಿ ಹೂಸು ಬಿಟ್ಟು ಓಡಿಸುತ್ತಾನೆ. ನಟರು ಯಾವಾಗ ಚರ್ಮವಾದ್ಯ ಬಡಿಯಬೇಕು ಎಂಬ ಗುರುತುಗಳು ಹಾಳೆಯ ಮೇಲಿವೆ.

ಈ ನಾಟಕದಲ್ಲಿ ಭಾರತದವರು ಆಡುವ ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದಿದ್ದಾರೆ, ಆದರೆ ಅವು ಗ್ರೀಕ್ ಅಲ್ಲ. ಹಿಂದೆ ಮದರಾಸಿನಲ್ಲಿ ಶಾಸನ ಇಲಾಖೆಯಲ್ಲಿದ್ದ ಜರ್ಮನಿಯ ಹುಲ್ಟ್ಜ್ 1904ರಲ್ಲಿ ಒಂದು ಸುದ್ದಿ ಹೊರಡಿಸಿದರು: ಈ ಮಾತುಗಳಲ್ಲಿ ಕೆಲವು ಕನ್ನಡ! ಮೈಸೂರಿನ ಆರ್. ಶಾಮಶಾಸ್ತ್ರಿಗಳು 1926ರ ಪ್ರಾಚ್ಯವಸ್ತು ಇಲಾಖೆಯ ವರದಿಯಲ್ಲಿ ಇದನ್ನು ಬೆಳೆಸಿದರು. ಅದೇ ವರ್ಷ ಲಂಡನ್ನಿನ ಬಾರ್ನೆಟ್ ಇದು ಕನ್ನಡವೇ ಅಲ್ಲವೆಂದು ವಾದಿಸಿದರು. ಮುಂದೆ ಕರಾವಳಿಯ ವಿದ್ವಾಂಸರು ಅಲ್ಲಿರುವುದು ತುಳು ಎಂದರು. ಗ್ರೀಕರು ತಮಾಷೆಗೆ ಕಟ್ಟಿದ ಅರ್ಥವಿಲ್ಲದ ಬಡಬಡಿಕೆ ಅದು ಎಂದು ನಂಬುವವರೂ ಉಂಟು. ಇಷ್ಟಾದರೂ ನಮ್ಮ ಭಾಷೆಯ ಹಿರಿಮೆ ಹೇಳುವ ಭಾಷಣಗಳಲ್ಲಿ ‘ಎರಡನೇ ಶತಮಾನದಲ್ಲೇ ರೋಮನ್ ಸಾಮ್ರಾಜ್ಯದ ರಂಗಭೂಮಿಯ ಮೇಲೆ ಕನ್ನಡ ಮೊಳಗಿತ್ತು’ ಎಂಬುದು ತೀರ್ಮಾನವಾದ ಸತ್ಯದಂತೆ ಬರುತ್ತದೆ.

ಮೊದಲು ಸಾಚಾತನದ ಪ್ರಶ್ನೆ. ಹುಲ್ಟ್ಜ್ ಕೂಡಿಸಿ ಓದಿದ ಒಂದು ವಾಕ್ಯದಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರ’, ‘ಹಾಕಿ’ ಎಂಬ ಪದಗಳಿವೆ. ಬೇರೆಯಾಗಿ ಒಂದಿಷ್ಟು ಮದ್ಯವನ್ನು ಪಾತ್ರೆಗೆ ಹಾಕಿ ಎಂಬ ಅರ್ಥ. ಓದಿದ ಕೂಡಲೇ ಇದು ಕನ್ನಡ ಅನ್ನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಇದು ನಾವು ಇವತ್ತು ಆಡುವ ಕನ್ನಡ. ನಮಗೆ ಸಿಕ್ಕಿರುವ ಮೊದಲ ಶಾಸನಗಳಲ್ಲೊಂದಾದ ಹಲ್ಮಿಡಿಯದು ಸುಮಾರು ಕ್ರಿ.ಶ. 450ರ ಕಾಲ. ಅಲ್ಲಿನ ಕನ್ನಡವೇ ನಮಗೆ ಬಿಡಿಸಿ ಹೇಳದೆ ತಿಳಿಯುವುದಿಲ್ಲ. ಅದಕ್ಕೂ ಮುನ್ನೂರು ವರ್ಷ ಹಿಂದಿನ ಕನ್ನಡ ನಮ್ಮ ಅಡಿಗೆಮನೆಯ ಕನ್ನಡದ ಹಾಗಿರುವುದು ಹೇಗೆ? ‘ಹಾಕಿ’ ಎಂಬ ರೂಪವನ್ನೇ ನೋಡಿ. ಪದದ ಮೊದಲಿನ ಪಕಾರ ಹಕಾರವಾದದ್ದು ಸುಮಾರು ಹತ್ತನೇ ಶತಮಾನದಿಂದೀಚೆಗೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಎರಡನೇ ಶತಮಾನದ ಬಾಯಲ್ಲಿ ‘ಹಾಕಿ’ ಬರುವಂತಿಲ್ಲ. ಪೊಲೆಯ ಹೊಲೆಯ ಆದದ್ದೂ ಇದೇ ಹಾದಿಯಲ್ಲಿ. ಅಕ್ಷರ ಬದಲಾಯಿತು, ಜಾಗ ಬದಲಾಗಲಿಲ್ಲ.

ಹಾಗಾಗಿ ಈ ಆಕರ ಕನ್ನಡದ ಪ್ರಾಚೀನತೆಗೆ ಸಾಕ್ಷಿ ಎನ್ನುವುದು ಕಷ್ಟ. ಮಲಬಾರು, ಕರಾವಳಿಗಳಿಗೆ ಹೋಗಿ ಬಂದ ನಾವಿಕರ ಕಿವಿಯಲ್ಲಿ ದ್ರಾವಿಡ ನುಡಿಯ ಸದ್ದು ಒಂದಿಷ್ಟು ಉಳಿದಿತ್ತೇನೋ, ಅದು ನಟರ ಬಾಯಿಗೆ ಬಂದು, ನಕಲುಗಾರನ ಕೈಯಲ್ಲಿ ಇನ್ನಷ್ಟು ಕಲಸಿಹೋಯಿತೇನೋ ಎನ್ನಬಹುದು. ಅಷ್ಟೇ.

ಇನ್ನು ನನ್ನ ಪ್ರಶ್ನೆ. ಒಪ್ಪಿಕೊಳ್ಳೋಣ, ಅದು ಕನ್ನಡವೇ. ಹಾಗಾದರೆ ಆ ರಂಗದ ಮೇಲೆ ಕನ್ನಡ ಏನಾಗಿತ್ತು? ನಗುವುದಕ್ಕೆ ಇಟ್ಟ ವಸ್ತುವಾಗಿತ್ತು. ಸಭಿಕರು ಕುಲೀನ ಗ್ರೀಕ್ ಆಡುವವರ ಪರವಾಗಿದ್ದರು. ಕನ್ನಡ ಆಡುವವನು ಮೈಬಣ್ಣ ಕಪ್ಪಾದ, ನರಬಲಿ ಕೊಡುವ, ಕುಡಿತದ ಮಿತಿ ತಿಳಿಯದ, ಹೂಸಿಗೆ ಹೆದರಿ ಓಡುವ ಜನದವನು. ಅವನ ಮಾತು ಮಾತಲ್ಲ, ಗದ್ದಲ. ಆ ಗದ್ದಲಕ್ಕೆ ಚರ್ಮವಾದ್ಯದ ಹಿಮ್ಮೇಳ. ಅಂದರೆ ಅಲೆಗ್ಸಾಂಡ್ರಿಯದ ಕಡೆಯ ಸಭಿಕರ ಕಣ್ಣಲ್ಲಿ ಇಡೀ ಕನ್ನಡ ಜನಾಂಗ, ಬ್ರಾಹ್ಮಣನೂ ಸೇರಿ, ಕೇರಿಯವನಾಗಿದ್ದ. ಈ ನಾಟಕ ಓದಿ ಹಿಗ್ಗಿದ ನಮ್ಮ ಪಂಡಿತರಿಗೆ ಇದು ಯಾಕೆ ಕಾಣಲಿಲ್ಲ?

ಕಾಣಲಿಲ್ಲ ಯಾಕೆಂದರೆ ನಗೆಪಾಟಲಾದವನ ಜಾಗದಲ್ಲಿ ತಾವು ನಿಂತಿರಬಹುದು ಎಂಬ ಊಹೆಯೇ ಅವರ ಲೋಕದೃಷ್ಟಿಯಲ್ಲಿ ಇರಲಿಲ್ಲ. ನಮ್ಮ ನಾಟ್ಯಶಾಸ್ತ್ರದಲ್ಲೂ ಯಾವ ಜಾತಿಯವನು ಯಾವ ನುಡಿ ಆಡಬೇಕು ಎಂಬ ಪಟ್ಟಿ ಇದೆ. ದೊರೆಗೆ ಸಂಸ್ಕೃತ, ಹೆಂಗಸಿಗೆ ಪ್ರಾಕೃತ, ಪುಲ್ಕಸರಂಥವರಿಗೆ ಚಾಂಡಾಲಿ. ಮೃಚ್ಛಕಟಿಕದಲ್ಲಿ ಚಾರುದತ್ತನನ್ನು ಕೊಲೆಗಂಬಕ್ಕೆ ಒಯ್ಯುವ ಇಬ್ಬರು ಚಂಡಾಲರಿಗೂ ಬೇರೆ ನುಡಿ ಕೊಟ್ಟಿದೆ. ಈಚಿನ ಸಿನಿಮಾದವರೆಗೂ ಕೆಳಜಾತಿಯ ನುಡಿ ಎಂದರೆ ಹಾಸ್ಯದ ಟ್ರ್ಯಾಕು. ನಮ್ಮ ಕೇರಿಯ ಹುಡುಗ ತರಗತಿಯಲ್ಲಿ ಎದ್ದು ನಿಂತು ‘ಅದ್ಕೇಯ’ ಅಂದಾಗ ಎದ್ದ ನಗುವಿಗೂ ಆಕ್ಸಿರಿಂಕಸ್ಸಿನ ನಗುವಿಗೂ ದೂರವಿಲ್ಲ. ಈ ನಗುವನ್ನು ಮೈಮೇಲೆ ಹೊತ್ತವನು 413ನೇ ಹಾಳೆಯನ್ನು ಓದಿದ್ದರೆ ಹೆಮ್ಮೆಯಿಂದ ಶುರುಮಾಡುತ್ತಿರಲಿಲ್ಲ.

ಇನ್ನೊಂದು ಪದ ನೋಡಿ: ‘ಬೇರೆ’. ಪಂಡಿತರು ಅದನ್ನು ಕ್ರಿಯಾವಿಶೇಷಣ ಎಂದು ಗುರುತು ಹಾಕಿ ಮುಂದಕ್ಕೆ ಹೋದರು. ಕರ್ನಾಟಕದ ಹಳ್ಳಿಯ ಹೋಟೆಲಿನ ಮುಂದೆ ‘ಬೇರೆ ಲೋಟ’ದಲ್ಲಿ ಟೀ ಕುಡಿದು, ಅದನ್ನು ತಾನೇ ತೊಳೆದು ಚಪ್ಪರದ ಗಳಕ್ಕೆ ಸಿಕ್ಕಿಸಿ ಬಂದವನಿಗೆ ಈ ಪದದ ಮುಂದೆ ಕಾಲು ನಿಂತುಬಿಡುತ್ತದೆ. ಪ್ರಪಂಚದ ಎದುರಿಗೆ ಕನ್ನಡ ಆಡಿದ ಮೊದಲ ವಾಕ್ಯವೇ ಬೇರೆ ಪಾತ್ರೆಯ ಬಗ್ಗೆ! ಇದು ಪುರಾವೆ ಅಲ್ಲ, ನನಗೆ ಗೊತ್ತು. ಓದಿಕೆಯೇ ಅನುಮಾನದ್ದಾದ ಮೇಲೆ ಅದರಿಂದ ಅಸ್ಪೃಶ್ಯತೆಯ ಚರಿತ್ರೆ ಕಟ್ಟಲಾಗದು. ಆದರೆ ಒಂದೇ ಸಾಲಿನಲ್ಲಿ ಒಬ್ಬರಿಗೆ ಕನ್ನಡದ ಕೀರ್ತಿ ಕಾಣುತ್ತದೆ, ಇನ್ನೊಬ್ಬರಿಗೆ ಬೇರೆ ಲೋಟ ಕಾಣುತ್ತದೆ. ಆಕರವನ್ನು ಬರೆದವನ ಪೂರ್ವಗ್ರಹವನ್ನು ಶೋಧಿಸುವ ನಾವು ಓದುವವನ ಜಾತಿಯನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದೇವೆ.

3

ಶಾಮಶಾಸ್ತ್ರಿಗಳ ಹೆಸರು ಬಂದದ್ದರಿಂದ ಅವರಿಗೇ ಸಂಬಂಧಿಸಿದ ಮತ್ತೊಂದು ಆಕರದ ಮಾತು. ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಕ್ರಿ.ಪೂ. 300ರ ಆಸುಪಾಸು ಮೌರ್ಯರ ಆಸ್ಥಾನಕ್ಕೆ ಬಂದಿದ್ದ. ಭಾರತದಲ್ಲಿ ಎಲ್ಲರೂ ಸ್ವತಂತ್ರರು, ಅಲ್ಲಿ ಒಬ್ಬನೂ ದಾಸನಿಲ್ಲ ಎಂದು ಅವನು ಬರೆದನಂತೆ. ‘ಅಂತೆ’ ಎನ್ನುವುದು ಯಾಕೆಂದರೆ ಅವನ ಪುಸ್ತಕ ಕಳೆದುಹೋಗಿದೆ. ಮೂರು, ನಾಲ್ಕು ಶತಮಾನ ಕಳೆದ ಮೇಲೆ ರೋಮಿನ ಆಳ್ವಿಕೆಯಲ್ಲಿದ್ದ ಸ್ಟ್ರಾಬೊ, ಅರ್ರಿಯನ್ ಮೊದಲಾದವರು ಎತ್ತಿ ಹೇಳಿದ ಚೂರುಗಳು ಮಾತ್ರ ಉಳಿದಿವೆ. ಬಾಯಿಲ್ಲದೆ ವಾಸನೆಯಿಂದಲೇ ಬದುಕುವ ಜನ ಭಾರತದಲ್ಲಿದ್ದಾರೆ ಎಂದೂ ಇದೇ ಮೆಗಾಸ್ತನೀಸ್ ಹೇಳಿದ್ದ. ಆ ಮಾತನ್ನು ನಮ್ಮ ಪಠ್ಯಪುಸ್ತಕಗಳು ಕೈಬಿಟ್ಟವು. ದಾಸರಿಲ್ಲ ಎಂಬುದನ್ನು ಮಾತ್ರ ಬಂಗಾರದ ಚೌಕಟ್ಟು ಹಾಕಿ ತೂಗುಹಾಕಿದವು. ಬಾಯಿಲ್ಲದ ಜನ ಇದ್ದರು ಎನ್ನುವುದೇ ಎರಡರಲ್ಲಿ ಹೆಚ್ಚು ನಿಜ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟು ತಂದುಕೊಟ್ಟರು. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಅದರಲ್ಲಿ ದಾಸರ ಬಗ್ಗೆ ಒಂದು ಪ್ರಕರಣವೇ ಇದೆ. ಆರ್ಯನನ್ನು ದಾಸನನ್ನಾಗಿ ಮಾಡಬಾರದು, ಮ್ಲೇಚ್ಛರು ಮಕ್ಕಳನ್ನು ಮಾರಿದರೆ ದೋಷವಿಲ್ಲ ಎಂಬ ವಿವರ ಇದೆ. ಚಂಡಾಲರು ಸುಡುಗಾಡಿನ ಅಂಚಿನಲ್ಲಿ ಇರತಕ್ಕದ್ದು ಎಂಬ ನಗರಯೋಜನೆಯೂ ಇದೆ. ಅರ್ಥಶಾಸ್ತ್ರದ ಕಾಲದ ಬಗ್ಗೆ ವಿವಾದವಿದೆ, ಅದನ್ನು ಈಗ ಮೌರ್ಯರ ನಂತರದ್ದೆಂದು ಹೇಳುವವರೇ ಹೆಚ್ಚು. ಹಾಗೆಂದು ಮೆಗಾಸ್ತನೀಸನ ಮಾತು ಗೆದ್ದಂತಾಗಲಿಲ್ಲ. ಕೊಂಡು ಮಾರುವ ದಾಸನನ್ನು ಮಾತ್ರ ಬಲ್ಲ ಗ್ರೀಕ್ ಕಣ್ಣಿಗೆ, ಕೊಳ್ಳದೆಯೇ ಹುಟ್ಟಿನಿಂದ ಸಿಕ್ಕುವ ದಾಸ ಕಾಣಲಿಲ್ಲ. ಸುಳ್ಳು ಹೇಳುವ ಉದ್ದೇಶ ಅವನಿಗಿತ್ತು ಎನ್ನಬೇಕಾಗಿಲ್ಲ. ಆಸ್ಥಾನದಲ್ಲಿ ಕೂತು ಕೇಳಿದವನಿಗೆ ಆಸ್ಥಾನ ಹೇಳಿದ್ದು ಸಿಕ್ಕಿತು.

ಇಲ್ಲೊಂದು ವಿಚಿತ್ರವಿದೆ. ಈ ಮಾತನ್ನು ನಮಗೆ ದಾಟಿಸಿದ ಅರ್ರಿಯನ್ ಹರೆಯದಲ್ಲಿ ಎಪಿಕ್ಟೆಟಸನ ಶಿಷ್ಯನಾಗಿದ್ದ. ಎಪಿಕ್ಟೆಟಸ್ ದಾಸನಾಗಿ ಹುಟ್ಟಿ, ಬಿಡುಗಡೆಯಾಗಿ ದೊಡ್ಡ ತತ್ವಜ್ಞಾನಿ ಎನಿಸಿಕೊಂಡವನು. ಅವನ ಪಾಠಗಳು ಉಳಿದಿರುವುದೂ ಅರ್ರಿಯನ್ ಬರೆದಿಟ್ಟುಕೊಂಡದ್ದರಿಂದ. ದಾಸನಾಗಿದ್ದವನ ಕಾಲಬಳಿ ಕುಂತು ಕಲಿತವನೇ ಭಾರತದಲ್ಲಿ ದಾಸರಿಲ್ಲ ಎಂಬುದನ್ನು ಅನುಮಾನಿಸದೆ ಬರೆದ. ಕಲಿತ ವಿದ್ಯೆ ಎಲ್ಲ ಹೊತ್ತಿಗೂ ಕಣ್ಣು ತೆರೆಸುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

4

ರೋಮಿನ ದಾಸರ ಬಗ್ಗೆ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಸ್ಪಾರ್ಟಕಸ್. ಹೊವರ್ಡ್ ಫಾಸ್ಟನ ಕಾದಂಬರಿ 1951ರದು, ಸಿನಿಮಾ 1960ರದು. ಬಂಡಾಯದ ದಿನಗಳಲ್ಲಿ ನಮ್ಮ ಹುಡುಗರೂ ಈ ಹೆಸರನ್ನು ಎದೆಗಪ್ಪಿಕೊಂಡರು. ಸಿನಿಮಾದಲ್ಲಿ ಅವನನ್ನು ಶಿಲುಬೆಗೇರಿಸುತ್ತಾರೆ. ಅಪ್ಪಿಯನ್ ಬರೆದ ಪ್ರಕಾರ ಅವನ ಹೆಣ ಸಿಗಲೇ ಇಲ್ಲ. ಶಿಲುಬೆಗೇರಿದವರು ಸೆರೆಸಿಕ್ಕ 6,000 ಹಿಂಬಾಲಕರು, ಕಾಪುವಾದಿಂದ ರೋಮಿನವರೆಗಿನ ದಾರಿಯುದ್ದಕ್ಕೂ. ದಂಗೆ ನಡೆದದ್ದು ಕ್ರಿ.ಪೂ. 73ರಿಂದ 71ರವರೆಗೆ. ಅಪ್ಪಿಯನ್ ಬರೆದದ್ದು ಅದಾಗಿ ಇನ್ನೂರು ವರ್ಷಕ್ಕೆ. ಪ್ಲೂಟಾರ್ಕನೂ ಶತಮಾನದ ಮೇಲಿನವನೇ. ದಂಗೆಯೆದ್ದವರು ಬರೆದ ಒಂದು ಸಾಲೂ ಇಲ್ಲ.

ಪ್ಲೂಟಾರ್ಕ್ ಸ್ಪಾರ್ಟಕಸನನ್ನು ಹೊಗಳುತ್ತಾನೆ. ಹೇಗೆ? ಅವನು ತನ್ನ ಸ್ಥಿತಿಗೆ ಮೀರಿದ ಬುದ್ಧಿವಂತ, ಸೌಮ್ಯ, ತನ್ನ ಥ್ರೇಸಿನ ಜನಕ್ಕಿಂತ ಹೆಚ್ಚಾಗಿ ಗ್ರೀಕರಂತಿದ್ದ ಎಂದು. ಈ ಹೊಗಳಿಕೆ ನಮಗೆ ಹೊಸದಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಕಚೇರಿಯಲ್ಲಿ ಊಟಕ್ಕೆ ಕೂತಾಗ, ಸಾಹಿತ್ಯದ ಸಭೆ ಮುಗಿದ ಮೇಲೆ ಕೇಳಿದ್ದೇವೆ: “ನಿಮ್ಮನ್ನ ನೋಡಿದ್ರೆ ಹಂಗನ್ಸಲ್ಲ.” ಆಕರವೊಂದು ನಮ್ಮನ್ನು ತೆಗಳಿದಾಗ ಅನುಮಾನಿಸುವುದು ಸುಲಭ. ಹೊಗಳಿದಾಗ ಅನುಮಾನಿಸುವುದೇ ಕಷ್ಟ.

ಆಕರಗಳಲ್ಲಿ ನಾವು ಆರಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಅಗಸ್ಟಸ್ ದೊರೆಯ ಶಾಸನಕ್ಕಿಂತ ಒಳ್ಳೆಯ ನಿದರ್ಶನ ಬೇಡ. ತನ್ನ ಸಾಧನೆಗಳನ್ನು ತಾನೇ ಪಟ್ಟಿಮಾಡಿದ ಈ ಪ್ರಶಸ್ತಿ ಇವತ್ತಿನ ಅಂಕಾರದ ಗುಡಿಗೋಡೆಯ ಮೇಲಿದೆ. ಭಾರತದ ದೊರೆಗಳು ತನ್ನ ಬಳಿಗೆ ರಾಯಭಾರಿಗಳನ್ನು ಕಳಿಸಿದರು ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಚರಿತ್ರೆಕಾರರಿಗೆ ಈ ಸಾಲು ಪ್ರಿಯವಾದದ್ದು. ಅದೇ ಶಾಸನದಲ್ಲಿ, ಒಡೆಯರಿಂದ ತಪ್ಪಿಸಿಕೊಂಡು ಆಯುಧ ಹಿಡಿದ ಸುಮಾರು 30,000 ದಾಸರನ್ನು ಹಿಡಿದು ಶಿಕ್ಷೆಗಾಗಿ ಒಡೆಯರ ಕೈಗೆ ಒಪ್ಪಿಸಿದೆ ಎಂದೂ ಹೆಮ್ಮೆಪಟ್ಟಿದ್ದಾನೆ. ಒಂದೇ ಗೋಡೆ, ಒಂದೇ ಉಳಿ. ಒಂದು ಸಾಲು ನಮ್ಮ ಪುಸ್ತಕಕ್ಕೆ ಬಂತು, ಇನ್ನೊಂದು ಬರಲಿಲ್ಲ.

ಇದಕ್ಕೆ ಬದಲಾಗಿ ರೋಮನ್ನು ಹೇಗೆ ಓದಬಹುದು ಎಂದು ತೋರಿಸಿದವರು ಬಾಬಾಸಾಹೇಬರು. 1936ರ ‘ಜಾತಿ ವಿನಾಶ’ದಲ್ಲಿ ರೋಮಿನ ಪ್ಲೆಬಿಯನ್ನರ ಪ್ರಸ್ತಾಪ ಬರುತ್ತದೆ. ಪ್ಲೆಬಿಯನ್ನರಿಗೆ ಕಾನ್ಸಲ್ ಆಗುವ ಹಕ್ಕು ಸಿಕ್ಕಿತು, ಆದರೆ ಗೆದ್ದವನನ್ನು ದೇವವಾಣಿ ಒಪ್ಪಬೇಕಿತ್ತು. ದೇವವಾಣಿಯ ಪೂಜಾರಿಗಳೆಲ್ಲ ಮೇಲುವರ್ಗದ ಪೆಟ್ರೀಷಿಯನ್ನರು. ಹೀಗಾಗಿ ಪ್ಲೆಬಿಯನ್ನರ ಹೆಸರಿನಲ್ಲಿ ಬಗ್ಗುವ ಬೆನ್ನಿನವನೇ ಆರಿಸಿ ಬರುತ್ತಿದ್ದ. ಮೀಸಲು ಕ್ಷೇತ್ರಗಳ ಅನುಭವವಿರುವ ನಮಗೆ ಇದಕ್ಕೆ ಟೀಕೆ ಬೇಡ. ರೋಮಿನ ಆ ಕಾಲದ ಕತೆಯನ್ನು ಹೇಳುವ ಲಿವಿ ಮುನ್ನೂರು ವರ್ಷ ನಂತರದವನು, ಹಳೆಯ ದಾಖಲೆಗಳು ಬೆಂಕಿಯಲ್ಲಿ ಹೋದವು ಎಂದು ಒಪ್ಪಿಕೊಂಡವನು. ಒಡೆಯರ ಕಡೆಯಿಂದ ಬಂದ ಅಂಥ ಕತೆಯೊಳಗೇ ಒಡೆತನ ಕೆಲಸ ಮಾಡುವ ಕೀಲನ್ನು ಅಂಬೇಡ್ಕರ್ ಹುಡುಕಿದರು.

ಅವರು ಬದುಕಿದ್ದಾಗ ಅಚ್ಚಾಗದೆ 1989ರಲ್ಲಿ ಬೆಳಕಿಗೆ ಬಂದ ಬರಹಗಳಲ್ಲಿ ರೋಮಿನ ದಾಸ್ಯವನ್ನೂ ಅಸ್ಪೃಶ್ಯತೆಯನ್ನೂ ಪಕ್ಕಪಕ್ಕ ಇಟ್ಟು ತೂಗಿದ್ದಾರೆ. ರೋಮಿನ ದಾಸ ವೈದ್ಯನಾಗಬಹುದಿತ್ತು, ಮಕ್ಕಳಿಗೆ ಪಾಠ ಹೇಳಬಹುದಿತ್ತು, ಒಡೆಯನ ಅಡಿಗೆಮನೆಗೆ ಹೋಗಬಹುದಿತ್ತು. ಅಸ್ಪೃಶ್ಯನಿಗೆ ಇವು ಯಾವುದೂ ಇಲ್ಲ. ದಾಸನಿಗೆ ತಾನು ದಾಸನೆಂದು ಗೊತ್ತಿರುತ್ತದೆ, ಅಸ್ಪೃಶ್ಯನ ದಾಸ್ಯ ಮರೆಯಲ್ಲಿ ಕೆಲಸಮಾಡುತ್ತದೆ ಎಂಬುದು ಅವರ ವಾದ. ದಾಸ್ಯ ಅಷ್ಟೇನೂ ಕೆಟ್ಟದಲ್ಲ ಎಂದು ಸಾಧಿಸುವುದು ಅವರ ಉದ್ದೇಶವಾಗಿರಲಿಲ್ಲ. ಭಾರತದಲ್ಲಿ ದಾಸ್ಯವಿರಲಿಲ್ಲ ಎಂದು ಮೆಗಾಸ್ತನೀಸನ ಸಾಕ್ಷಿ ತರುವವರಿಗೆ ಅವರು ಕೊಟ್ಟ ಉತ್ತರವೆಂದು ನಾನಿದನ್ನು ಓದುತ್ತೇನೆ.

5

ಆಕರಗಳ ಸಾಚಾತನದ ಬಗ್ಗೆ ರೋಮಿನ ಕಾನೂನಿಗೆ ತನ್ನದೇ ಅಳತೆಗೋಲಿತ್ತು. ದಾಸನ ಸಾಕ್ಷಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅದನ್ನು ಚಿತ್ರಹಿಂಸೆ ಕೊಟ್ಟು ಹೊರಡಿಸಿರಬೇಕು. ಒಡೆಯ ಆಣೆಯಿಟ್ಟರೆ ಸಾಕು, ದಾಸನ ಮಾತು ನಿಜವಾಗಲು ಅವನ ಮೂಳೆ ಮುರಿಯಬೇಕು. ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಕಾರಿ ಪೆಡಾನಿಯಸ್ ಸೆಕುಂಡಸನನ್ನು ಅವನ ದಾಸನೊಬ್ಬ ಕೊಂದ. ಹಳೆಯ ಪದ್ಧತಿಯಂತೆ ಅದೇ ಮನೆಯ 400 ದಾಸರಿಗೂ ಮರಣದಂಡನೆ. ಬೀದಿಯ ಜನ ಕಲ್ಲು, ಕೊಳ್ಳಿ ಹಿಡಿದು ಅಡ್ಡ ನಿಂತರೂ ಸೈನ್ಯ ನಿಲ್ಲಿಸಿ ಶಿಕ್ಷೆ ಜಾರಿ ಮಾಡಿದರು. ಕೊಲ್ಲಲೇಬೇಕು ಎಂದು ಸೆನೆಟ್ಟಿನಲ್ಲಿ ಕ್ಯಾಸಿಯಸ್ ಮಾಡಿದ ಭಾಷಣವನ್ನು ಟ್ಯಾಸಿಟಸ್ ವಿಸ್ತಾರವಾಗಿ ಕೊಟ್ಟಿದ್ದಾನೆ. 400 ಜನರಲ್ಲಿ ಒಬ್ಬರ ಮಾತೂ ಇಲ್ಲ.

ನಮ್ಮ ನಾಡಿನ ಶಾಸನಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ರೈಸ್ ಸಾಹೇಬರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದ ಹಾಗೆ ನಮ್ಮಲ್ಲಿ ಸಂಪುಟಗಳ ಸಾಲೇ ಇದೆ. ಕೆರೆ ಕಟ್ಟಿಸಿದವನ ಹೆಸರಿರುತ್ತದೆ, ದಾನ ಪಡೆದವನ ಗೋತ್ರವಿರುತ್ತದೆ, ಮಣ್ಣು ಹೊತ್ತವರು ಇರುವುದಿಲ್ಲ. ಶಾಸನದ ಕೊನೆಯ ಶಾಪವಾಕ್ಯಗಳಲ್ಲಿ ಮಾತ್ರ ‘ಚಂಡಾಲ’ ಎಂಬ ಪದ ಒಮ್ಮೊಮ್ಮೆ ಬೈಗುಳವಾಗಿ ಬರುತ್ತದೆ. ಕಲ್ಲಿನ ಮೇಲೆ ನಮಗೆ ಸಿಕ್ಕ ಜಾಗ ಅದು.

ಹಳೆಯ ಕಾಲದ ಮಾತು ಬಿಡಿ ಎನ್ನುವವರು ಹೊರಮಾವಿನಿಂದ ಹಳೇ ಮದರಾಸು ರಸ್ತೆ ಹಿಡಿದು ಹೊಸಕೋಟೆ ದಾಟಿ ಚಿಂತಾಮಣಿಯ ಕಡೆ ಹೋಗಲಿ. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ ತಿಂಗಳಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ವಿಚಾರಣೆ ನಡೆಯುವಾಗ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವನು ಯಾರ ಹೊಲದಲ್ಲಿ ಕೂಲಿ ಮಾಡುತ್ತಾನೆ, ಸಂಜೆ ಯಾವ ದಾರಿಯಲ್ಲಿ ಮನೆಗೆ ಹೋಗಬೇಕು, ಅವನ ಮಗಳು ಯಾವ ಬಾವಿಯ ಹತ್ತಿರ ಹೋಗುತ್ತಾಳೆ ಎಂಬುದು ತೀರ್ಪಿನ ಹಾಳೆಗೆ ಬರುವ ಸಂಗತಿಗಳಲ್ಲ. ಸಾಕ್ಷಿ ತಿರುಗಿಬಿದ್ದ ಎಂಬ ಎರಡು ಪದ ಮಾತ್ರ ಬರುತ್ತದೆ.

ಎರಡು ಸಾವಿರ ವರ್ಷ ಕಳೆದು ಒಬ್ಬ ಚರಿತ್ರೆಕಾರ ನಮ್ಮ ಕಾಲವನ್ನು ಶೋಧಿಸಲು ಕೂತ ಅಂತ ಇಟ್ಟುಕೊಳ್ಳಿ. ಅವನು ಬಹಳ ಪ್ರಾಮಾಣಿಕ, ಗಾಳಿಮಾತು ನಂಬುವವನಲ್ಲ, ಅಧಿಕೃತ ದಾಖಲೆ ಇಲ್ಲದೆ ಒಂದು ಸಾಲೂ ಬರೆಯುವವನಲ್ಲ. ಅವನ ಕೈಗೆ ಕಂಬಾಲಪಲ್ಲಿಯ ತೀರ್ಪು ಸಿಗುತ್ತದೆ. ಅವನು ಏನು ಬರೆದಾನು? ಏಳು ಜನ ಸುಟ್ಟುಹೋದರು, ಯಾರೂ ಸುಡಲಿಲ್ಲ ಎಂದು ಬರೆದಾನು. ಆಕರ ಸಾಚಾ, ಮುದ್ರೆ ಸಾಚಾ, ಸಹಿ ಸಾಚಾ. ನೀರೋನ ಪಿಟೀಲಿನ ಸುಳ್ಳನ್ನು ಒಬ್ಬ ವಿದ್ಯಾರ್ಥಿ ಅರ್ಧ ಗಂಟೆಯಲ್ಲಿ ಬಯಲುಮಾಡಬಲ್ಲ. ಈ ಸಾಚಾ ದಾಖಲೆಯ ಎದುರು ಅವನ ವಿದ್ವತ್ತು ಕೈಕಟ್ಟಿ ನಿಲ್ಲುತ್ತದೆ.

ಆದ್ದರಿಂದ ದಲಿತ ವಿಮರ್ಶೆ ಹಳೆಯ ಆಕರಗಳನ್ನೆಲ್ಲ ಸುಳ್ಳೆಂದು ತಳ್ಳಿಹಾಕಿ ಸುಮ್ಮನಾಗಬೇಕಿಲ್ಲ. ನಮಗೆ ಬೇಕಾದ ಕಡೆ ಮಾತ್ರ ನಂಬುವ ಚಾಳಿಯೂ ಬೇಡ. ಅದನ್ನು ಮೇಲುಜಾತಿಯ ಪಾಂಡಿತ್ಯ ಸಾಕಷ್ಟು ಮಾಡಿ ತೋರಿಸಿದೆ. ಆಕರ ಏನನ್ನು ಹೇಳುತ್ತದೆ ಎಂಬುದರ ಜೊತೆಗೆ, ಅದನ್ನು ಹೇಳುವಾಗ ಯಾರು ಆ ಕೋಣೆಯ ಹೊರಗೆ ನಿಂತಿದ್ದರು ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಜೊತೆಗೆ ನಮ್ಮದೇ ತಿಪ್ಪೆಗಳನ್ನು ಅಗೆಯಬೇಕು. ಕೂಲಿಯ ಲೆಕ್ಕದ ಚೀಟಿ, ಜೀತದ ಕರಾರು, ಠಾಣೆಯಲ್ಲಿ ದಾಖಲಾಗದೆ ವಾಪಸ್ಸು ಬಂದ ದೂರಿನ ಅರ್ಜಿ, ಮುದುಕಿಯರ ನೆನಪು, ಇವು ನಾಳೆಯ ಆಕರಗಳು. ಆಕ್ಸಿರಿಂಕಸ್ಸಿನ ಮರಳು ತಾನೇ ಕಾಪಾಡಿತು. ನಮ್ಮ ಕಡೆ ಮಳೆ ಇದೆ, ಗೆದ್ದಲು ಇದೆ, ಲೇಔಟಿನ ಬುಲ್ಡೋಜರ್ ಇದೆ. ಈ ಹಾಳೆಗಳನ್ನು ನಾವು ಎತ್ತಿಡದಿದ್ದರೆ ಕಂಬಾಲಪಲ್ಲಿಯ ಬಗ್ಗೆ ಉಳಿಯುವುದು ತೀರ್ಪು ಮಾತ್ರ.